ಕೇಳದೆ ಸೇರಿಸಿದ ಸಂಘ ನಿಲ್ಲುವುದೇ?



ಪಶುವೈದ್ಯಾಧಿಕಾರಿ ಬರೆದ ಲೇಖನವೆಂದರೆ ಕಾಲುಬಾಯಿ ಜ್ವರದ ಲಸಿಕೆಯೋ ಹಸಿರು ಮೇವಿನ ವಿಚಾರವೋ ಇರಬೇಕೆಂದು ನೀವು ನಿರೀಕ್ಷಿಸುವುದು ಸಹಜ. ಈ ಬಾರಿ ವಿಷಯ ಬೇರೆ. ಕೆಂಗೇರಿ, ತಾವರೆಕೆರೆ ಕಡೆಯ ಸಂಘಗಳಿಗೆ ಭೇಟಿ ಕೊಟ್ಟಾಗಲೆಲ್ಲ ಸದಸ್ಯರು ಒಂದು ಪ್ರಶ್ನೆ ಕೇಳುತ್ತಿರುತ್ತಾರೆ: “ನಮ್ಮ ಹುಡುಗನನ್ನು ಕೆಲಸದ ಜಾಗದಲ್ಲಿ ಯೂನಿಯನ್‌ಗೆ ಸೇರಿಸಿದ್ದಾರಂತೆ. ಅವನನ್ನು ಯಾರೂ ಕೇಳಲಿಲ್ಲ, ಓಟೂ ಹಾಕಿಸಲಿಲ್ಲ. ಹೀಗೆ ಮಾಡಬಹುದೇ ಸಾರ್?”

ಈ ಪ್ರಶ್ನೆ ನಮಗೆ ದೂರದ್ದಲ್ಲ. ಇಂದು ನಮ್ಮ ಸದಸ್ಯರ ಮನೆಗಳಲ್ಲಿ ಒಬ್ಬರು ಹಸು ನೋಡಿಕೊಂಡರೆ ಇನ್ನೊಬ್ಬರು ಬಸ್ ಡಿಪೋಗೋ, ರಾಜಾಜಿನಗರದ ಕೈಗಾರಿಕಾ ವಸಾಹತಿಗೋ, ಮೈಸೂರು ರಸ್ತೆಯ ಸಿದ್ಧ ಉಡುಪಿನ ಕಾರ್ಖಾನೆಗೋ ಹೋಗುತ್ತಾರೆ. ಮನೆಯ ಖರ್ಚು ನಡೆಯುವುದು ಹಾಲಿನ ಬಟವಾಡೆ ಮತ್ತು ತಿಂಗಳ ಸಂಬಳ ಎರಡೂ ಕೂಡಿದರೆ. ಇನ್ನೊಂದು ಕಡೆಯಿಂದ ನೋಡಿದರೆ ನೀವೇ ಮಾಲೀಕರು. ಸಂಘದ ಕಾರ್ಯದರ್ಶಿ, ಹಾಲು ಪರೀಕ್ಷಕರಿಂದ ಹಿಡಿದು ನನ್ನಂಥವರವರೆಗೆ ಎಲ್ಲರೂ ನಿಮ್ಮ ಹಾಲಿನ ದುಡ್ಡಿನಲ್ಲಿ ಸಂಬಳ ಪಡೆಯುವವರು. ಆದ್ದರಿಂದ ಈ ವಿಷಯವನ್ನು ನೌಕರನ ಮನೆಯವರಾಗಿಯೂ ತಿಳಿಯಬೇಕು, ಮಾಲೀಕರಾಗಿಯೂ ತಿಳಿಯಬೇಕು.

ಎರಡು ಬಗೆಯ ಯೂನಿಯನ್

ನಮ್ಮ ಮಾತಿನಲ್ಲಿ ‘ಯೂನಿಯನ್’ ಎಂದರೆ ಹಾಲು ಒಕ್ಕೂಟ. ಕಾರ್ಖಾನೆಯಲ್ಲಿ ಯೂನಿಯನ್ ಎಂದರೆ ಕಾರ್ಮಿಕ ಸಂಘ. ಮೊದಲನೆಯದು ಹಾಲಿನ ಬೆಲೆಗಾಗಿ, ಎರಡನೆಯದು ದುಡಿಮೆಯ ಬೆಲೆಗಾಗಿ. ಎರಡರ ಬೇರೂ ಒಂದೇ. ಸಂವಿಧಾನದ 19ನೇ ವಿಧಿ ಪ್ರಜೆಗಳಿಗೆ ಸಂಘ ಕಟ್ಟುವ ಹಕ್ಕು ಕೊಟ್ಟಿದೆ. 97ನೇ ತಿದ್ದುಪಡಿಯ ಮೂಲಕ ಅದೇ ಸಾಲಿನಲ್ಲಿ ಸಹಕಾರ ಸಂಘದ ಹೆಸರೂ ಸೇರಿದೆ.

ನಿಮ್ಮ ಗ್ರಾಮದ ಹಾಲಿನ ಡೈರಿಯನ್ನೇ ನೋಡಿ. ಹಾಲು ತಂದು ಸುರಿದ ಮಾತ್ರಕ್ಕೆ ಯಾರೂ ಸದಸ್ಯರಾಗುವುದಿಲ್ಲ. ಅರ್ಜಿ ಬರೆದು, ಸಹಿ ಅಥವಾ ಹೆಬ್ಬೆಟ್ಟು ಹಾಕಿ, ಷೇರು ಹಣ ಕಟ್ಟಬೇಕು. ಆಮೇಲೆ ಎರಡು ಹಸು ಇದ್ದವರಿಗೂ ಇಪ್ಪತ್ತು ಹಸು ಇದ್ದವರಿಗೂ ಒಂದೇ ಮತ. ಸ್ವಇಚ್ಛೆಯ ಸದಸ್ಯತ್ವ ಸಹಕಾರದ ಮೊದಲನೆಯ ತತ್ವ.

ಈ ತತ್ವಕ್ಕೆ ಬೆಲೆ ತೆತ್ತವರೂ ಹಾಲು ಉತ್ಪಾದಕರೇ. 1945ರಲ್ಲಿ ಅಂದಿನ ಮುಂಬಯಿ ಸರ್ಕಾರ ತನ್ನ ಹಾಲು ಯೋಜನೆಗೆ ಗುಜರಾತಿನ ಖೇಡಾ ಜಿಲ್ಲೆಯಿಂದ ಹಾಲು ಪೂರೈಸುವ ಹಕ್ಕನ್ನು ಪೋಲ್ಸನ್ ಕಂಪನಿಗೆ ಕೊಟ್ಟಿತು. ಹಾಲು ಕರೆಯುವವರನ್ನು ಯಾರೂ ಕೇಳಲಿಲ್ಲ. 1946ರ ಜನವರಿ 4ರಂದು ಸಮರಖಾ ಗ್ರಾಮದಲ್ಲಿ ರೈತರು ಸಭೆ ಸೇರಿ, ನಮ್ಮದೇ ಸಂಘವಿಲ್ಲದೆ ಹಾಲು ಕೊಡುವುದಿಲ್ಲವೆಂದು ತೀರ್ಮಾನಿಸಿದರು. 15 ದಿನ ಮುಂಬಯಿಗೆ ಹಾಲು ಹೋಗಲಿಲ್ಲ. ಅದೇ ವರ್ಷ ಡಿಸೆಂಬರ್ 14ರಂದು ಖೇಡಾ ಜಿಲ್ಲಾ ಒಕ್ಕೂಟ ನೋಂದಣಿಯಾಯಿತು. ಮುಂದೆ ಅಮುಲ್ ಎಂದು ಹೆಸರಾದ ಆ ಸಂಸ್ಥೆಯ ಮಾದರಿಯಲ್ಲೇ ನಮ್ಮ ರಾಜ್ಯದ ಒಕ್ಕೂಟಗಳೂ ಬೆಳೆದವು.

ಸೇರುವುದು ಬೇರೆ, ಪರವಾಗಿ ಮಾತನಾಡುವುದು ಬೇರೆ

ಈಗ ನೌಕರನ ಪ್ರಶ್ನೆಗೆ ಬರೋಣ. ಇದರಲ್ಲಿ ಎರಡು ಸಂಗತಿಗಳು ಬೆರೆತಿರುತ್ತವೆ. ಅವನ್ನು ಬಿಡಿಸಿ ನೋಡಬೇಕು.

ಮೊದಲನೆಯದು ಸದಸ್ಯತ್ವ. ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಕಾರ್ಮಿಕ ಸಂಘದ ಸದಸ್ಯರನ್ನಾಗಿ ಮಾಡುವಂತಿಲ್ಲ. ಸಂಬಳದಲ್ಲಿ ಸಂಘದ ವಂತಿಗೆ ಹಿಡಿಯಬೇಕಾದರೆ ನೌಕರನ ಲಿಖಿತ ಒಪ್ಪಿಗೆ ಬೇಕೇ ಬೇಕು. ಹಿಂದಿನ ವೇತನ ಪಾವತಿ ಕಾಯಿದೆಯಲ್ಲೂ ಈ ಮಾತು ಇತ್ತು, 2019ರ ವೇತನ ಸಂಹಿತೆಯಲ್ಲೂ ಇದೆ. ಸರ್ವೋಚ್ಚ ನ್ಯಾಯಾಲಯ 1971ರಲ್ಲಿ ಅಲಹಾಬಾದಿನ ಹಿಂದಿ ಸಾಹಿತ್ಯ ಸಮ್ಮೇಳನದ ಮೊಕದ್ದಮೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸಂಘ ಕಟ್ಟುವ ಹಕ್ಕಿನಲ್ಲಿ, ತಾವು ಒಪ್ಪಿ ಸೇರಿಸಿಕೊಂಡವರೊಡನೆ ಮುಂದುವರಿಯುವ ಹಕ್ಕೂ ಅಡಗಿದೆ. ಸದಸ್ಯರ ಒಪ್ಪಿಗೆಯಿಲ್ಲದೆ ಹೊರಗಿನವರನ್ನು ಕಾನೂನಿನ ಬಲದಿಂದ ಒಳಗೆ ತುಂಬುವಂತಿಲ್ಲ ಎಂದು ತೀರ್ಪಿತ್ತಿತು.

ಎರಡನೆಯದು ಮಾನ್ಯತೆ. ಆಡಳಿತ ವರ್ಗದ ಎದುರು ಕುಳಿತು ಎಲ್ಲ ನೌಕರರ ಪರವಾಗಿ ಸಂಬಳದ ಒಪ್ಪಂದಕ್ಕೆ ಸಹಿ ಹಾಕುವವರು ಯಾರು? ತೊಡಕು ಇರುವುದು ಇಲ್ಲಿಯೇ. ನಿಮ್ಮ ಮಗ ಯಾವ ಸಂಘಕ್ಕೂ ಸೇರದೆ ಇರಬಹುದು. ಆದರೂ ಮಾನ್ಯತೆ ಪಡೆದ ಸಂಘ ಮಾಡಿಕೊಂಡ ಒಪ್ಪಂದ ಅವನ ಸಂಬಳವನ್ನೂ ನಿರ್ಧರಿಸಬಹುದು. 1926ರ ಕಾರ್ಮಿಕ ಸಂಘಗಳ ಕಾಯಿದೆ ಸಂಘದ ನೋಂದಣಿಯನ್ನು ಹೇಳಿತೇ ಹೊರತು, ಯಾವ ಸಂಘಕ್ಕೆ ಮಾನ್ಯತೆ, ಅದಕ್ಕೆ ಮತದಾನ ಬೇಕೇ ಎಂಬುದನ್ನು ಹೇಳಲಿಲ್ಲ. 1958ರ ಶಿಸ್ತು ಸಂಹಿತೆ ಸದಸ್ಯತ್ವದ ಲೆಕ್ಕ ಪರಿಶೀಲಿಸಿ ಮಾನ್ಯತೆ ಕೊಡುವ ಪದ್ಧತಿ ತಂದಿತು. ಅದು ಕಾನೂನಲ್ಲ, ಒಪ್ಪಿಕೊಂಡವರು ನಡೆಸುವ ಕಟ್ಟಳೆ. ಹೀಗಾಗಿ ಅನೇಕ ಕಡೆ ರಸೀದಿ ಪುಸ್ತಕ ಮತ್ತು ಸಂಬಳದ ಕಡಿತದ ಪಟ್ಟಿಯೇ ಮತಪೆಟ್ಟಿಗೆಯ ಕೆಲಸ ಮಾಡಿತು.

ಮುಂಬಯಿಯ ಪಾಠ

ಮತವಿಲ್ಲದ ಮಾನ್ಯತೆ ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ಮುಂಬಯಿ ಬಟ್ಟೆ ಗಿರಣಿಗಳೇ ಸಾಕ್ಷಿ. ಅಲ್ಲಿ 1946ರ ಮುಂಬಯಿ ಕೈಗಾರಿಕಾ ಸಂಬಂಧಗಳ ಕಾಯಿದೆ ಇತ್ತು. ನೂರಕ್ಕೆ 25 ಮಂದಿ ಸದಸ್ಯರನ್ನು ದಾಖಲೆಯಲ್ಲಿ ತೋರಿಸಿದ ಸಂಘಕ್ಕೆ ಪ್ರಾತಿನಿಧಿಕ ಸಂಘವೆಂಬ ಸ್ಥಾನ ಸಿಗುತ್ತಿತ್ತು. ರಾಷ್ಟ್ರೀಯ ಮಿಲ್ ಮಜ್ದೂರ್ ಸಂಘಕ್ಕೆ ಆ ಸ್ಥಾನವಿತ್ತು. ಉಳಿದವರು ಒಪ್ಪಲಿ ಬಿಡಲಿ, ಮಾತುಕತೆ ಅದರೊಡನೆ ಮಾತ್ರ.

ಕಾರ್ಮಿಕರು ಅದನ್ನು ತೊರೆದು ಡಾ. ದತ್ತಾ ಸಾಮಂತರ ಬಳಿ ಹೋದರು. 1982ರ ಜನವರಿ 18ರಂದು ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ಸಂಬಳ, ಬೋನಸ್ಸಿನ ಜೊತೆಗೆ ಆ ಕಾಯಿದೆ ಹೋಗಬೇಕು ಎಂಬುದೂ ಅವರ ಬೇಡಿಕೆಯಾಗಿತ್ತು. ಮಾಲೀಕರು ಕಾನೂನು ತೋರಿಸಿ ಮಾನ್ಯತೆ ಇರುವ ಸಂಘದೊಡನೆಯೇ ಮಾತು ಎಂದರು. ಆ ಸಂಘದ ಹಿಂದೆ ಜನರಿರಲಿಲ್ಲ, ಜನ ಇದ್ದ ಕಡೆ ಮಾನ್ಯತೆ ಇರಲಿಲ್ಲ. ಮುಷ್ಕರ ಒಂದು ವರ್ಷವನ್ನೂ ದಾಟಿತು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಗಿರಣಿಗಳ ಕಷ್ಟಕ್ಕೆ ಹಳೆಯ ಯಂತ್ರ, ಮಗ್ಗಗಳ ಪೈಪೋಟಿ ಮುಂತಾದ ಬೇರೆ ಕಾರಣಗಳೂ ಇದ್ದವು. ಆದರೆ ಜಗಳ ಬಿಡಿಸಲು ಎರಡೂ ಕಡೆ ನಂಬುವ ಬಾಯಿ ಇರಲಿಲ್ಲವೆಂಬುದು ದೊಡ್ಡ ಕಾರಣ.

ನಮ್ಮ ಬಸ್ಸುಗಳು ನಿಂತಾಗ

ನಮ್ಮ ಕಣ್ಣೆದುರಿನ ಉದಾಹರಣೆ ರಸ್ತೆ ಸಾರಿಗೆಯದು. 2020ರ ಡಿಸೆಂಬರ್‌ನಲ್ಲಿ ಬಿ.ಎಂ.ಟಿ.ಸಿ. ಮತ್ತು ಕೆ.ಎಸ್.ಆರ್.ಟಿ.ಸಿ. ಬಸ್ಸುಗಳು ನಾಲ್ಕು ದಿನ ನಿಂತದ್ದು ನಿಮಗೆ ನೆನಪಿರಬಹುದು. ತಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಬೇಕು ಎಂಬುದು ಬೇಡಿಕೆ. ಸಾರಿಗೆ ನಿಗಮಗಳಲ್ಲಿ ಹಳೆಯ ಕಾರ್ಮಿಕ ಸಂಘಗಳು ಹಲವು ಇದ್ದವು. ಆದರೂ ಈ ಮುಷ್ಕರವನ್ನು ಮುಂದೆ ನಿಂತು ನಡೆಸಿದ್ದು ಅವುಗಳ ಹೊರಗೆ ಹುಟ್ಟಿದ ನೌಕರರ ಕೂಟ. ಅದರ ಗೌರವಾಧ್ಯಕ್ಷರು ರೈತ ನಾಯಕರಾದ ಕೋಡಿಹಳ್ಳಿ ಚಂದ್ರಶೇಖರ್. ಬೇಡಿಕೆ ಏನು ಎಂಬುದರಷ್ಟೇ, ಯಾರೊಡನೆ ಮಾತನಾಡಬೇಕು ಎಂಬುದೂ ದೊಡ್ಡ ಪ್ರಶ್ನೆಯಾಯಿತು. 2021ರ ಏಪ್ರಿಲ್ 7ರಿಂದ ಆರನೇ ವೇತನ ಆಯೋಗದ ಸಂಬಳಕ್ಕಾಗಿ ಮತ್ತೆ ಮುಷ್ಕರ ನಡೆದು, ಎರಡು ವಾರ ಬಸ್ಸುಗಳು ಸರಿಯಾಗಿ ಓಡಲಿಲ್ಲ. ವಜಾ, ಅಮಾನತು, ವರ್ಗಾವಣೆಗಳ ಬಿಸಿ ಸಾವಿರಾರು ಮನೆಗಳಿಗೆ ತಟ್ಟಿತು.

ಆ ಮುಷ್ಕರ ಸರಿಯೋ ತಪ್ಪೋ ಎಂದು ಹೇಳುವುದು ಈ ಲೇಖನದ ಉದ್ದೇಶವಲ್ಲ. ಇಂಥ ಕಡೆ ನೌಕರರು ಕಾಲಕಾಲಕ್ಕೆ ಮತ ಹಾಕಿ ತಮ್ಮ ಪ್ರತಿನಿಧಿಯನ್ನು ಆರಿಸಿದ್ದರೆ, ಕನಿಷ್ಠ ಪಕ್ಷ ಮೇಜಿನ ಮುಂದೆ ಯಾರು ಕೂರಬೇಕು ಎಂಬ ಜಗಳ ಉಳಿಯುವುದಿಲ್ಲ.

ಮತದಾನ ಬೇಡವೆನ್ನುವವರ ವಾದ

ಅವರ ಮಾತನ್ನೂ ಕೇಳಬೇಕು. ತಿಂಗಳು ತಿಂಗಳು ವಂತಿಗೆ ಕೊಡುವುದೇ ನಿಜವಾದ ಬೆಂಬಲ; ಒಂದು ದಿನದ ಮತದಾನದಲ್ಲಿ ಆಸೆ ತೋರಿಸಿದವರು ಗೆಲ್ಲುತ್ತಾರೆ; ಮತದಾನದ ದಿನ ಬರುವಷ್ಟರಲ್ಲಿ ಮಾಲೀಕರು ಹೆದರಿಸಿ ಸಂಘವನ್ನೇ ಮುರಿಯಬಹುದು ಎಂಬುದು ಅವರ ವಾದ. ಅಮೆರಿಕದಲ್ಲಿಯೂ ಈ ಚರ್ಚೆ ಹಳೆಯದು. ಅಲ್ಲಿ 1935ರ ಕಾಯಿದೆಯ ವ್ಯವಸ್ಥೆಯಲ್ಲಿ ನೂರಕ್ಕೆ 30 ಮಂದಿ ಸಹಿ ಮಾಡಿ ಕೇಳಿದರೆ ಗುಪ್ತ ಮತದಾನ ನಡೆಸಬಹುದು. ಬಹುಮತದ ಸಹಿ ಚೀಟಿ ನೋಡಿ ಮಾಲೀಕರು ಮತದಾನವಿಲ್ಲದೆಯೂ ಸಂಘವನ್ನು ಒಪ್ಪಿಕೊಳ್ಳಬಹುದು. ಆಗ ಸಹಿ ಮಾಡದವರು ನಮ್ಮನ್ನು ಕೇಳಲಿಲ್ಲವೆಂದು ತಕರಾರು ತೆಗೆಯುತ್ತಾರೆ.

ವಂತಿಗೆಯ ವಾದದಲ್ಲಿ ಹುರುಳಿದೆ. ಆದರೆ ವಂತಿಗೆ ಕೊಟ್ಟವನು ಮನಸಾರೆ ಕೊಟ್ಟಿರಬೇಕು. ಮೇಲ್ವಿಚಾರಕರ ಕಣ್ಣೆದುರು ಹಾಕಿದ ಸಹಿಗೂ ಮರೆಯಲ್ಲಿ ಹಾಕಿದ ಮತಕ್ಕೂ ವ್ಯತ್ಯಾಸವಿದೆ. ಸರ್ವೋಚ್ಚ ನ್ಯಾಯಾಲಯ 1995ರಲ್ಲಿ ಭಾರತ ಆಹಾರ ನಿಗಮದ ನೌಕರರ ಮೊಕದ್ದಮೆಯಲ್ಲಿ ಗುಪ್ತ ಮತದಾನದಿಂದ ಪ್ರಾತಿನಿಧ್ಯ ತೀರ್ಮಾನಿಸುವ ಕ್ರಮವನ್ನು ಹಂತ ಹಂತವಾಗಿ ವಿವರಿಸಿರುವುದು ಇದೇ ಕಾರಣಕ್ಕೆ ಮುಖ್ಯ.

ಈಗಿನ ಕಾನೂನು

2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಂತೆ ಒಂದು ಸಂಸ್ಥೆಯಲ್ಲಿ ಹಲವು ಸಂಘಗಳಿದ್ದರೆ, ಹಾಜರಿ ಪಟ್ಟಿಯಲ್ಲಿರುವ ನೂರಕ್ಕೆ 51 ಕಾರ್ಮಿಕರ ಬೆಂಬಲವಿರುವ ಸಂಘವೇ ಮಾತುಕತೆಯ ಸಂಘ. ಯಾರಿಗೂ 51 ಬಾರದಿದ್ದರೆ ನೂರಕ್ಕೆ 20 ಅಥವಾ ಹೆಚ್ಚು ಬೆಂಬಲವಿರುವ ಸಂಘಗಳು ಸೇರಿ ಮಾತುಕತೆಯ ಮಂಡಳಿಯಾಗುತ್ತವೆ. ಈ ಮಾನ್ಯತೆ ಮೂರು ವರ್ಷ. ಎರಡೂ ಕಡೆ ಒಪ್ಪಿದರೆ ಐದು ವರ್ಷದವರೆಗೆ.

ಒಂದು ಲೆಕ್ಕ ನೋಡಿ. ನೂರು ಮಂದಿ ಇರುವ ಕಡೆ ನಾಲ್ಕು ಸಂಘಗಳಿಗೆ 45, 30, 15, 10 ಮಂದಿಯ ಬೆಂಬಲವಿದೆ ಎನ್ನೋಣ. ಮೊದಲೆರಡು ಸಂಘಗಳು ಮಂಡಳಿಗೆ ಬರುತ್ತವೆ. ಉಳಿದ 25 ಮಂದಿಯ ಸಂಘಗಳಿಗೆ ಜಾಗವಿಲ್ಲ. ಒಪ್ಪಂದ ಮಾತ್ರ ಅವರ ಕೆಲಸಕ್ಕೂ ತಟ್ಟುತ್ತದೆ. ಆದ್ದರಿಂದಲೇ ಬೆಂಬಲವನ್ನು ಎಣಿಸುವ ರೀತಿ ಚೊಕ್ಕಟವಾಗಿರಬೇಕು. ಹಾಲಿನ ಮಾದರಿ ಸರಿಯಾಗಿ ತೆಗೆಯದಿದ್ದರೆ ಎಂಥ ಯಂತ್ರವಿದ್ದರೂ ಜಿಡ್ಡಿನಂಶ ತಪ್ಪೇ ಬರುತ್ತದೆ, ಅಲ್ಲವೇ?

ಕೆಚ್ಚಲಿಗೆ ಮುಷ್ಕರ ತಿಳಿಯದು

ಬಟ್ಟೆ ಗಿರಣಿ ನಿಂತರೆ ನೂಲು ಕೆಡುವುದಿಲ್ಲ. ಡೈರಿಯಲ್ಲಿ, ಟ್ಯಾಂಕರಿನಲ್ಲಿ ಕೆಲಸ ನಿಂತರೆ ಹಾಲು ಕೆಲವೇ ಗಂಟೆಗಳಲ್ಲಿ ಕೆಡುತ್ತದೆ. ವಿಜಯನಗರ, ಬಸವೇಶ್ವರನಗರದ ಮನೆಗಳಿಗೆ ಬೆಳಿಗ್ಗೆ ಪೊಟ್ಟಣ ಬರುವುದಿಲ್ಲ, ನಿಮ್ಮ ಕ್ಯಾನು ತುಂಬಿದ್ದು ತುಂಬಿದಂತೆಯೇ ಇರುತ್ತದೆ. ಹಾಗಾಗಿ ನಮ್ಮ ನೌಕರರ ಪರವಾಗಿ ಮಾತನಾಡುವವರು ನಿಜವಾಗಿ ಅವರು ಆರಿಸಿದವರೇ ಆಗಿರುವುದರಲ್ಲಿ ಮೊದಲ ಲಾಭ ಉತ್ಪಾದಕರದೇ. ಹೊಸ ಸಂಹಿತೆಯಂತೆ ಮುಷ್ಕರಕ್ಕೆ 14 ದಿನ ಮೊದಲೇ ನೋಟೀಸು ಕೊಡಬೇಕು. ಆ ಅವಧಿ ಮಾತುಕತೆಗೆ ಇರುವುದು. ನಂಬಿಕೆಯ ಪ್ರತಿನಿಧಿ ಇದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಒಂದು ವೇಳೆ ಯಾವುದೇ ಕಾರಣಕ್ಕೆ ಹಾಲು ಸಂಗ್ರಹಣೆ ನಿಂತರೂ ಹಾಲು ಕರೆಯುವುದನ್ನು ನಿಲ್ಲಿಸಬೇಡಿ. ಹಾಲು ಕಟ್ಟಿದರೆ ಇಳುವರಿ ಇಳಿಯುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಕರೆದ ಹಾಲನ್ನು ಕೂಡಲೇ ಕಾಯಿಸಿ ಮೊಸರು, ಬೆಣ್ಣೆ, ತುಪ್ಪ ಮಾಡಿಕೊಳ್ಳಿ.

ಆಡಳಿತ ಮಂಡಳಿ ಮತ್ತು ಮನೆಯವರು ಗಮನಿಸಬೇಕಾದದ್ದು

1. ನೌಕರರ ಸಂಬಳದಲ್ಲಿ ಯಾವುದೇ ಸಂಘದ ವಂತಿಗೆ ಹಿಡಿಯುವ ಮೊದಲು ಅವರವರ ಲಿಖಿತ ಒಪ್ಪಿಗೆ ಪಡೆದು ಕಡತದಲ್ಲಿಡಿ. ಸುಮ್ಮನಿದ್ದದ್ದನ್ನು ಒಪ್ಪಿಗೆಯೆಂದು ತಿಳಿಯಬೇಡಿ.

2. ನೌಕರರು ಯಾವ ಸಂಘ ಸೇರಬೇಕು, ಸೇರಬಾರದು ಎಂದು ಅಧ್ಯಕ್ಷರಾಗಲಿ ನಿರ್ದೇಶಕರಾಗಲಿ ಹೇಳಬಾರದು. ಮಾಲೀಕರು ಆರಿಸಿಕೊಟ್ಟ ಸಂಘವನ್ನು ನೌಕರರು ನಂಬುವುದಿಲ್ಲ.

3. ಎರಡು ಸಂಘಗಳು ನಮಗೇ ಬಹುಮತವೆಂದರೆ ಕಾರ್ಮಿಕ ಇಲಾಖೆಯ ಮೂಲಕವೇ ಪರಿಶೀಲನೆಗೆ ಕೇಳಿ. ಊರಿನ ಪಕ್ಷ, ಪಂಗಡದ ಲೆಕ್ಕ ಇಲ್ಲಿಗೆ ತರಬೇಡಿ.

4. ಕೆಲಸಕ್ಕೆ ಹೋಗುವ ಮಕ್ಕಳು ಸಂಬಳದ ಚೀಟಿಯ ಕಡಿತಗಳನ್ನು ಪ್ರತಿ ತಿಂಗಳು ಓದಲಿ. ಒಪ್ಪದ ವಂತಿಗೆ ಕಂಡರೆ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಲಿ.

5. ಕೇಳದೆ ಸೇರಿಸಿದರೆಂಬ ಸಿಟ್ಟಿನಲ್ಲಿ ಸಂಘವೇ ಬೇಡವೆನ್ನುವುದು ಸರಿಯಲ್ಲ. ಸಭೆಗೆ ಹೋಗಿ, ಚುನಾವಣೆ ಕೇಳಿ, ಬೇಕಾದರೆ ತಾವೇ ನಿಲ್ಲಲಿ. ಒಂಟಿ ನೌಕರನ ದನಿ ದೂರ ಕೇಳಿಸುವುದಿಲ್ಲ.

ಹಸುವನ್ನು ಬಡಿದು, ಬೆದರಿಸಿ ಕರೆಯಲು ಕುಳಿತರೆ ಅದು ತೊರೆ ಬಿಡುವುದಿಲ್ಲ. ಹಾಲು ಕೆಚ್ಚಲಲ್ಲೇ ಇರುತ್ತದೆ, ಪಾತ್ರೆಗೆ ಬರುವುದಿಲ್ಲ. ಇದು ನಿಮಗೆ ನಾನು ಹೇಳಿಕೊಡಬೇಕಾದ ಮಾತಲ್ಲ. ಮನುಷ್ಯರ ಸಂಘವೂ ಹಾಗೆಯೇ. ಪಟ್ಟಿಯಲ್ಲಿ ಹೆಸರು ಬರೆದುಕೊಳ್ಳಬಹುದು, ಸಂಬಳದಲ್ಲಿ ವಂತಿಗೆಯನ್ನೂ ಹಿಡಿಯಬಹುದು. ಕಷ್ಟದ ದಿನ ಜೊತೆಗೆ ನಿಲ್ಲುವವರು ತಾವಾಗಿ ಸಹಿ ಹಾಕಿದವರು, ಮತ ಹಾಕಿದವರು ಮಾತ್ರ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ನಿಮ್ಮ ಸಂಘದ ನೌಕರರ ವಿಷಯ ಬಂದಾಗ ಇದನ್ನು ನೆನಪಿಟ್ಟುಕೊಳ್ಳಿ. ನಿಮ್ಮ ಮತದ ಬೆಲೆ ಬಲ್ಲ ನೀವು ಅವರ ಮತಕ್ಕೂ ಅದೇ ಬೆಲೆ ಕೊಡಬೇಕೆಂದು ಕೋರುತ್ತೇನೆ.