ಮಾಹಿತಿ ಭದ್ರತೆ ತಂತ್ರಜ್ಞರಿಗಷ್ಟೇ ಸೇರಿದ ವಿಷಯವೇ?

ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕು 1906ರಲ್ಲಿ ಸ್ಥಾಪನೆಯಾದ ಹಳೆಯ ಸಂಸ್ಥೆ. 2018ರ ಆಗಸ್ಟ್ 11ರ ಶನಿವಾರ ಅದರ ನಕಲಿ ಕಾರ್ಡುಗಳನ್ನು ಬಳಸಿ 28 ದೇಶಗಳ ಎಟಿಎಂಗಳಿಂದ ಹಣ ತೆಗೆಯಲಾಯಿತು. ಸೋಮವಾರ ಸ್ವಿಫ್ಟ್ ಜಾಲದ ಮೂಲಕ ಸುಮಾರು 14 ಕೋಟಿ ರೂಪಾಯಿ ಹಾಂಕಾಂಗ್ ಸೇರಿತು. ಒಟ್ಟು ನಷ್ಟ ಸುಮಾರು 94 ಕೋಟಿ. ಕಳ್ಳರು ನಡುವೆ ತಮ್ಮದೇ ನಕಲಿ ಸ್ವಿಚ್ ಕೂರಿಸಿದ್ದರಿಂದ, ಕೋರಿಕೆಯು ಬ್ಯಾಂಕಿನ ಮೂಲ ಲೆಕ್ಕವನ್ನು ತಲುಪುವ ಮೊದಲೇ ಒಪ್ಪಿಗೆ ದೊರೆಯುತ್ತಿತ್ತು.

ಇದನ್ನು ತಾಂತ್ರಿಕ ವೈಫಲ್ಯವೆಂದು ವಿವರಿಸುವುದೇ ರೂಢಿ. ಆದರೆ ಒಂದು ದಿನದಲ್ಲಿ ವಿದೇಶಗಳಿಂದ ಒಟ್ಟು ಎಷ್ಟು ಹಣ ಹೊರಹೋಗಬಹುದು, ಎರಡನೇ ಶನಿವಾರ ಅದನ್ನು ತಡೆಯುವ ಅಧಿಕಾರ ಯಾರಿಗಿರಬೇಕು ಎಂಬವು ಯಾವುದೇ ಬ್ಯಾಂಕಿನಲ್ಲಿ ವ್ಯವಹಾರದ ಪ್ರಶ್ನೆಗಳು. ಗಣಕ ಕೊಠಡಿಯ ಕಿರಿಯ ಎಂಜಿನಿಯರ್ ಇವುಗಳಿಗೆ ಉತ್ತರಿಸಲಾರ. ಉತ್ತರಿಸಬೇಕಾದದ್ದು ಆಡಳಿತ ಮಂಡಳಿ.

ನಿವೃತ್ತಿಯ ನಂತರ ಸಲಹೆಗಾರನಾಗಿ ನಾನು ಕುಳಿತಿದ್ದ ಒಂದು ಮಂಡಳಿಯ ಸಭೆಯಲ್ಲಿ ಫೈರ್‌ವಾಲ್ ಖರೀದಿಯ ವಿಷಯ ಬಂದದ್ದು ಶಾಖಾ ಕಟ್ಟಡದ ಸುಣ್ಣಬಣ್ಣದ ನಂತರ. ನಿರ್ದೇಶಕರು ಕೇಳಿದ್ದು ಬೆಲೆಯನ್ನು ಮಾತ್ರ. ಸುಣ್ಣಬಣ್ಣದ ಮೇಲೆ ಅರ್ಧ ಗಂಟೆ ಚರ್ಚೆ ನಡೆದಿತ್ತು!

ನಮ್ಮ ರಾಜ್ಯದ 'ಭೂಮಿ' ಯೋಜನೆ ಇದಕ್ಕೆ ವಿರುದ್ಧವಾದ ನಿದರ್ಶನ. ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿಗಳನ್ನು ಗಣಕೀಕರಿಸುವಾಗ, ದಾಖಲೆಯನ್ನು ಯಾರೂ ಸದ್ದಿಲ್ಲದೆ ತಿದ್ದಬಾರದೆಂಬುದು ಮುಖ್ಯ ಉದ್ದೇಶಗಳಲ್ಲೊಂದಾಗಿತ್ತು. ಗೌಪ್ಯತೆ ಅಲ್ಲಿ ಬೇಕಿರಲಿಲ್ಲ. 15 ರೂಪಾಯಿ ಕೊಟ್ಟವರಿಗೆಲ್ಲ ಪಹಣಿ ದೊರೆಯುತ್ತಿತ್ತು. ಆದರೆ ತಿದ್ದುಪಡಿ ಮಾಡುವ ಸಿಬ್ಬಂದಿ ಬೆರಳಚ್ಚು ನೀಡಿಯೇ ಒಳಹೋಗಬೇಕಿತ್ತು. ಯಾವ ಬದಲಾವಣೆ ಯಾರದೆಂದು ಮುಂದೆ ನಿರಾಕರಿಸುವಂತಿರಲಿಲ್ಲ. ಮ್ಯುಟೇಷನ್ ಅರ್ಜಿಗಳು ಬಂದ ಸರದಿಯಲ್ಲಿಯೇ ವಿಲೇವಾರಿಯಾಗಬೇಕಿತ್ತು. ಕಂದಾಯ ಇಲಾಖೆ ತನಗೇನು ಬೇಕೆಂದು ಮೊದಲು ನಿರ್ಧರಿಸಿತು. ಯಂತ್ರ ಅದನ್ನು ಅನುಸರಿಸಿತು.

ಎಷ್ಟು ಖರ್ಚು ಮಾಡಬೇಕು? ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಗೋರ್ಡನ್ ಮತ್ತು ಲೋಬ್ ಎಂಬ ಅಮೆರಿಕದ ವಿದ್ವಾಂಸರು 2002ರಲ್ಲಿ ಮಂಡಿಸಿದ ಮಾದರಿಯ ಪ್ರಕಾರ, ಅವರು ಪರಿಶೀಲಿಸಿದ ಸಂದರ್ಭಗಳಲ್ಲಿ ನಿರೀಕ್ಷಿತ ನಷ್ಟದ ಶೇ. 37ಕ್ಕಿಂತ ಹೆಚ್ಚು ವ್ಯಯಿಸುವುದು ಲಾಭದಾಯಕವಲ್ಲ. ಸಂಖ್ಯೆಗಿಂತಲೂ ಅದರ ಹಿಂದಿನ ಷರತ್ತು ಮುಖ್ಯ. ನಷ್ಟ ಎಷ್ಟೆಂದು ಅಂದಾಜಿಸದವನಿಗೆ ಶೇಕಡಾವಾರು ಲೆಕ್ಕ ಯಾತಕ್ಕೂ ಬಾರದು. ಆ ಅಂದಾಜು ಇರುವುದು ವ್ಯವಹಾರ ನಡೆಸುವವರ ಬಳಿ.

ರಿಸರ್ವ್ ಬ್ಯಾಂಕು 2023ರ ನವೆಂಬರ್‌ನಲ್ಲಿ ವಾಣಿಜ್ಯ ಬ್ಯಾಂಕು ಮೊದಲಾದವುಗಳಿಗೆ ಹೊರಡಿಸಿದ ನಿರ್ದೇಶನವು, ಮುಖ್ಯ ಮಾಹಿತಿ ಭದ್ರತಾ ಅಧಿಕಾರಿ ಐಟಿ ಮುಖ್ಯಸ್ಥರಿಗೆ ನೇರವಾಗಿ ಅಧೀನರಾಗಿರಬಾರದು, ಅವರಿಗೆ ವ್ಯವಹಾರದ ಗುರಿಗಳನ್ನು ನೀಡಬಾರದು ಎಂದಿತು. ಭದ್ರತೆಯನ್ನು ವ್ಯವಹಾರಕ್ಕೆ ಹೊಂದಿಸಬೇಕೆಂಬ ಮಾತಿಗೆ ಇದು ವಿರುದ್ಧವಲ್ಲವೇ ಎಂದು ಮಿತ್ರರೊಬ್ಬರು ಕೇಳಿದರು. ನನಗೆ ಹಾಗೆನಿಸದು. ಸಂಸ್ಥೆಯ ಗುರಿಯನ್ನು ಅರಿತಿರುವುದು ಬೇರೆ, ಈ ತಿಂಗಳು ಇಷ್ಟು ಸಾಲ ವಿತರಿಸಬೇಕೆಂಬ ಒತ್ತಡ ಹೊರುವುದು ಬೇರೆ. ಲೆಕ್ಕಪರಿಶೋಧಕನಿಗೆ ಮಾರಾಟದ ಕಮಿಷನ್ ಕೊಡುವವರುಂಟೆ?

ಸೆಪ್ಟೆಂಬರ್‌ನಲ್ಲಿ ನಾನು ಸದಸ್ಯನಾಗಿರುವ ಸಹಕಾರಿ ಬ್ಯಾಂಕಿನ ವಾರ್ಷಿಕ ಮಹಾಸಭೆ. ಲಾಭಾಂಶ ಎಷ್ಟೆಂದು ಕೇಳುವವರು ಬೇಕಾದಷ್ಟಿದ್ದಾರೆ. ಗಣಕ ವ್ಯವಸ್ಥೆ ಪೂರ್ತಿ ಸ್ಥಗಿತಗೊಂಡರೆ ಎಷ್ಟು ಗಂಟೆಗಳಲ್ಲಿ ಠೇವಣಿದಾರನ ಕೈಗೆ ಅವನ ಹಣ ಸಿಗುತ್ತದೆ, ಕಳೆದ ವರ್ಷ ಇದನ್ನು ಒಮ್ಮೆಯಾದರೂ ಪರೀಕ್ಷಿಸಿ ನೋಡಿದ್ದೀರಾ ಎಂದು ನಾನು ಅಧ್ಯಕ್ಷರನ್ನು ಕೇಳಬೇಕೆಂದಿದ್ದೇನೆ.