ಕಿಟಕಿ ಬದಲಿಸುವ ಮುನ್ನ

ಹಳೆಯ ಮನೆಯನ್ನು ನವೀಕರಿಸಹೊರಟ ಗೃಹಸ್ಥನ ಕಣ್ಣು ಮೊದಲು ಬೀಳುವುದು ಕಿಟಕಿಗಳ ಮೇಲೆ. ತೇಗದ ಚೌಕಟ್ಟು, ಕಬ್ಬಿಣದ ಸರಳು, ಮಳೆಗಾಲದಲ್ಲಿ ಉಬ್ಬಿ ಮುಚ್ಚಲೊಲ್ಲದ ಕದ ಇವೆಲ್ಲವೂ ಅವನಿಗೆ ಬೇಡವಾದ ಹೊರೆಯಾಗಿ ತೋರುತ್ತವೆ. ಅವುಗಳನ್ನು ಕೀಳಿಸಿ ಗುಜರಿಯವನಿಗೆ ಕೊಟ್ಟು, ಪಕ್ಕಕ್ಕೆ ಸರಿಯುವ ಅಲ್ಯೂಮಿನಿಯಂ ಗಾಜಿನ ಕಿಟಕಿಗಳನ್ನು ಕೂರಿಸುತ್ತಾನೆ. ನೋಟಕ್ಕೆ ಸೊಗಸು, ಸಂದೇಹವಿಲ್ಲ. ಆದರೆ ಮುಂದಿನ ಏಪ್ರಿಲ್ಲಿನಲ್ಲಿ ಪಡುವಣ ಕೋಣೆಯ ವೃದ್ಧ ತಂದೆತಾಯಿಗಳಿಗೆ ನಡುರಾತ್ರಿಯವರೆಗೂ ನಿದ್ದೆ ಹತ್ತದಾದಾಗ ಏ.ಸಿ. ಯಂತ್ರವೂ, ಅದರ ಹಿಂದೆಯೇ ವಿದ್ಯುತ್ತಿನ ಬಿಲ್ಲೂ ಗೃಹಪ್ರವೇಶ ಮಾಡುತ್ತವೆ.

ಕಿಟಕಿಯಿಂದ ಶಾಖ ಒಳಬರುವ ಬಗೆ ಎರಡು. ಹೊರಗಿನ ಬಿಸಿ ಗಾಜು, ಚೌಕಟ್ಟುಗಳ ಮೂಲಕ ನಿಧಾನವಾಗಿ ಹರಿದುಬರುವುದು ಒಂದು. ಬಿಸಿಲೇ ಗಾಜನ್ನು ಹಾದು ನೆಲ, ಗೋಡೆಗಳ ಮೇಲೆ ಬಿದ್ದು ಶಾಖವಾಗುವುದು ಇನ್ನೊಂದು. ಶೀತದೇಶಗಳವರಿಗೆ ಮನೆಯೊಳಗಿನ ಬಿಸಿ ಹೊರಗೆ ಹರಿದುಹೋಗುವುದೇ ಚಿಂತೆ. ಆದುದರಿಂದ ಎರಡು ಗಾಜುಗಳ ನಡುವೆ ಗಾಳಿಯನ್ನು ಸೆರೆಹಿಡಿದ ಜೋಡಿಗಾಜು ಅವರಿಗೆ ವರದಾನ. ನಮ್ಮ ಕಲಬುರಗಿ, ರಾಯಚೂರುಗಳಲ್ಲಿ ದೊಡ್ಡ ಶತ್ರು ಬಿಸಿಲು. ಸಾದಾ ಒಂಟಿಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಪಾಲನ್ನು ಒಳಬಿಡುತ್ತದೆ. ಸಾದಾ ಜೋಡಿಗಾಜಿನಲ್ಲಿಯೂ ಅದು 70ಕ್ಕೆ ಇಳಿದರೆ ಹೆಚ್ಚು. ಅಂಗಡಿಯಲ್ಲಿ ಕೇಳಬೇಕಾದುದು ಗಾಜಿಗೆ ಎಷ್ಟು ಪದರ ಎಂದಲ್ಲ, ಅದರ ಎಸ್.ಎಚ್.ಜಿ.ಸಿ. ಅಂಕಿ ಎಷ್ಟು ಎಂದು. ಬಿಸಿಲಿನ ಶಾಖದಲ್ಲಿ ಒಳಬರುವ ಪಾಲನ್ನು ತಿಳಿಸುವ ಅಂಕಿಯದು. ಲೇಪವಿರುವ ಗಾಜಿನಲ್ಲಿ ಅದು 0.3ರ ಸುಮಾರಿಗೆ ಇಳಿಯುವುದುಂಟು.

ಗಾಜಿಗೆ ಹಣ ಸುರಿಯುವ ಮೊದಲು ನೆರಳನ್ನು ಕುರಿತು ಯೋಚಿಸಬೇಕು. ಒಳಗೆ ದಪ್ಪ ಪರದೆ ಇಳಿಬಿಡುವುದು ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆಯೇ ಸರಿ. ಬಿಸಿಲು ಆಗಲೇ ಒಳಗೆ ಬಂದಾಗಿರುತ್ತದೆ. ತೆಂಕಣ ಕಿಟಕಿಗೆ ಮೇಲೊಂದು ಸಜ್ಜಾ ಸಾಕು. ಮೂಡಣ, ಪಡುವಣಗಳ ತಗ್ಗು ಬಿಸಿಲು ಸಜ್ಜಾದ ಕೆಳಗೇ ನುಸುಳುವುದರಿಂದ ಅಲ್ಲಿ ಹೊರಗಡೆ ಬಿದಿರಿನ ತಟ್ಟಿಯೋ ಹೊಂಗೆಯ ಮರವೋ ಬೇಕು. ಬಡಗಣ ಗೋಡೆಗೆ ಬಿಸಿಲೇ ಇಲ್ಲವೆಂಬ ನಂಬಿಕೆಯೂ ಪೂರ್ಣಸತ್ಯವಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನೆತ್ತಿಯ ಮೇಲೆ ಬರುವ ಮಧ್ಯಾಹ್ನದ ಸೂರ್ಯ ಆಗಸ್ಟ್ 18ರವರೆಗೆ ಬಡಗಣಕ್ಕೇ ವಾಲಿರುತ್ತಾನೆ.

ಇನ್ನು ಗಾಳಿ. ಎರಡು ಫಲಕಗಳ ಸರಿಯುವ ಕಿಟಕಿಯಲ್ಲಿ ತೆರೆಯುವುದು ಅರ್ಧ ಮಾತ್ರ. ಕೀಲಿನ ಕದಗಳ ಕಿಟಕಿ ಬಹುಪಾಲು ತೆರೆಯುತ್ತದೆ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಸಂಸ್ಥೆ 2018ರಲ್ಲಿ ಹೊರಡಿಸಿದ 'ಇಕೋ ನಿವಾಸ್ ಸಂಹಿತೆ'ಯೂ ಮೊದಲನೆಯದಕ್ಕೆ ನೂರಕ್ಕೆ 50, ಎರಡನೆಯದಕ್ಕೆ 90 ಎಂದೇ ಎಣಿಸುತ್ತದೆ. ಬೆಂಗಳೂರಿನಂಥ ಸಮಶೀತೋಷ್ಣ ಹವೆಯಲ್ಲಿ ತೆರೆಯುವ ಭಾಗ ನೆಲದ ವಿಸ್ತೀರ್ಣದ ನೂರಕ್ಕೆ 12.5ರಷ್ಟಾದರೂ ಇರಬೇಕೆಂಬುದು ಅದರ ವಿಧಿ. ಇದು ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗಾಗಿ ರಚಿತವಾದುದಾದರೂ ಲೆಕ್ಕ ಎಲ್ಲರಿಗೂ ಉಪಯುಕ್ತ. 120 ಚದರಡಿಯ ಕೋಣೆಗೆ 15 ಚದರಡಿ ತೆರಪು ಬೇಕಾದರೆ, ಸರಿಯುವ ಕಿಟಕಿ 30 ಚದರಡಿಯದಾಗಬೇಕು. ಕೀಲಿನ ಕದಗಳದು 17 ಇದ್ದರೆ ಸಾಕು. ಗಾಜು ಹೆಚ್ಚಿದಷ್ಟೂ ಬಿಸಿಲೂ ಹೆಚ್ಚೆಂಬುದನ್ನು ಹೇಳಬೇಕಾಗಿಲ್ಲ. ಬಯಲುಸೀಮೆಯಲ್ಲಿ ಹಗಲು ಮುಚ್ಚಿ ರಾತ್ರಿ ತೆರೆಯುವ ರೂಢಿಗೆ ಒಪ್ಪುವುದೂ ಇಂಥ ಕದಗಳೇ.

ಚೌಕಟ್ಟಿನ ಮಾತು ಸ್ವಲ್ಪವೇ. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟಿನಷ್ಟು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಹೀಗಿರುವಾಗ ಗಟ್ಟಿಯಾಗಿರುವ ತೇಗವನ್ನು ಗುಜರಿಗೆ ಹಾಕುವುದು ನಷ್ಟದ ವ್ಯಾಪಾರ. ಬಡಗಿಯನ್ನು ಕರೆಸಿ ಉಬ್ಬಿದ ಅಂಚನ್ನು ಹೆರೆಸಿ, ಸಂದುಗಳಿಗೆ ರಬ್ಬರ್ ಪಟ್ಟಿ ಅಂಟಿಸಿ, ಪಡುವಣ ಕಿಟಕಿಗೆ ಮಾತ್ರ ಲೇಪದ ಗಾಜನ್ನೂ ಹೊರಗೊಂದು ತಟ್ಟಿಯನ್ನೂ ಹಾಕಿಸಿ ಒಂದು ಬೇಸಿಗೆ ಕಳೆಯಲಿ. ಉಳಿದ ಕಿಟಕಿಗಳ ವಿಚಾರ ಆಮೇಲೆ.