ಹಿತ್ತಲಿನ ಯೆಜ್ಡಿ: ಬಣ್ಣ ಆಮೇಲೆ, ಕಾಗದ ಮೊದಲು!

ಯಾದಗಿರಿ, ಶಹಾಪುರ, ಸುರಪುರದ ಕಡೆ ಹಿತ್ತಲಲ್ಲಿ ಹಳೇ ಯೆಜ್ಡಿ ತುಕ್ಕು ಹಿಡಿದು ಬಿದ್ದಿದ್ದರೆ, ಗುಜರಿಗೆ ಹಾಕುವ ಮುನ್ನ ಮಾಲೀಕರು ತುಸು ತಡೆಯುವುದು ಲೇಸು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಾವಾ, 1970ರ ದಶಕದಲ್ಲಿ ಯೆಜ್ಡಿ ಹೊರತಂದು 1996ರಲ್ಲಿ ಬಾಗಿಲು ಹಾಕಿತು. ಒಂದೇ ಸಿಲಿಂಡರು, ಎರಡು ಸೈಲೆನ್ಸರು. ಕಿಕ್ಕೂ ಗೇರೂ ಒಂದೇ ಲಿವರು! 2022ರಲ್ಲಿ ಅದೇ ಹೆಸರಿನ ಹೊಸ ಬೈಕು ಬಂತು, ಖರೆ. ಆದರೆ ಅದು ಫೋರ್ ಸ್ಟ್ರೋಕು. ಅದರ ಇಂಜಿನ್ ಸಾಮಾನು ಇದಕ್ಕೆ ಕೂಡೋದಿಲ್ಲ.

ಕಿಸೆ ಸಣ್ಣದಿದ್ದವರು ಎಡವೋದು ಎಲ್ಲಿ? ಮೊದಲೇ ಪೇಂಟು, ಕ್ರೋಮು ಮಾಡಿಸಿ ಕೂಡ್ತಾರೆ. ಬೋರು, ಪಿಸ್ಟನ್, ಕ್ರ್ಯಾಂಕ್ ಬೇರಿಂಗಿಗೆ ಬರೋ ಹೊತ್ತಿಗೆ ರೊಕ್ಕ ಖಾಲಿ. ಇಂಜಿನ್ ಮೊದಲು, ಆಮೇಲೆ ಬ್ರೇಕು, ಟೈರು, ವೈರಿಂಗು, ಬಣ್ಣ ಕಟ್ಟಕಡೆಗೆ. ಟೂ ಸ್ಟ್ರೋಕ್ ಗಾಡಿ. ಪೆಟ್ರೋಲಿಗೆ ಆಯಿಲ್ ಬೆರೆಸೋದು ಮರೆತರೆ ಹೊಸ ಪಿಸ್ಟನ್ನೂ ಜಾಮ್!

ಇದೆಲ್ಲಕ್ಕೂ ಮುಂಚೆ ಆರ್.ಸಿ. ಬುಕ್ಕು. ನೋಂದಣಿ ಅವಧಿ 15 ವರ್ಷ; ನಂತರ 5 ವರ್ಷಕ್ಕೊಮ್ಮೆ ನವೀಕರಣ. ಯಾದಗಿರಿ ಜಿಲ್ಲೆಯಾದದ್ದೇ 2009ರಲ್ಲಿ; ಇಲ್ಲಿನ ಹಳೇ ಯೆಜ್ಡಿಗಳ ನೋಂದಣಿ ಸಾಮಾನ್ಯವಾಗಿ ಗುಲ್ಬರ್ಗಾದ್ದು. ಬುಕ್ಕು ತೀರಿಹೋದ ತಂದೆಯ ಹೆಸರಲ್ಲಿದ್ದರೆ ವಾರಸುದಾರರ ಹೆಸರಿಗೆ ವರ್ಗ ಆಗಬೇಕು. ಚಾಸಿ ನಂಬರು ಬುಕ್ಕಿನ ನಂಬರಿಗೆ ತಾಳೆಯಾಗಬೇಕು.

ಇಷ್ಟಾಗದೆ ಸಾವಿರಾರು ರೂಪಾಯಿ ಸುರಿದರೆ ಗಾಡಿ ಮಿರಮಿರ ಮಿಂಚೀತು, ರಸ್ತೆಗೆ ಇಳಿದೀತೇ?